ಹದಿನಾಲ್ಕನೇ ಸೀಟಿನ ಆಯುಧ

ಬಸ್ಸಿನ ತಗಡಿನ ಮೇಲೆ ಲಾಠಿ ಮೂರು ಸಲ ಬಡಿಯಿತು. ಒಳಗಿನ ದೀಪಗಳು ಒಮ್ಮೆಲೇ ಹೊತ್ತಿಕೊಂಡವು. ಗಡಿ ತನಿಖಾ ಠಾಣೆಯ ಅಧಿಕಾರಿ ಟಾರ್ಚು ಹಿಡಿದು ಮೆಟ್ಟಿಲೇರಿದ. ಬೇರೆ ಯಾರ ಮುಖವನ್ನೂ ನೋಡದೆ ನೇರವಾಗಿ ಹದಿನಾಲ್ಕನೇ ಸೀಟಿನ ಮುಂದೆ ಬಂದು ನಿಂತ.

"ಚಾಕು ಎಲ್ಲಿ?"

ಕಸಿ ಕಟ್ಟುವ ಹೆಂಗಸು ನಿದ್ದೆಗಣ್ಣಿನಲ್ಲೇ ಕಾಲಬುಡದ ಚೀಲಕ್ಕೆ ಕೈ ಹಾಕಿದಳು. ಚೀಲಕ್ಕೆ ಅಡ್ಡವಾಗಿ, ಪಕ್ಕದ ಸೀಟಿನ ಮಾಂಸದಂಗಡಿಯವನ ಮಚ್ಚು ಹಳೆಯ ಪತ್ರಿಕೆ ಹೊದ್ದು, ಹಿಡಿಯನ್ನು ಹೊರಗೆ ಚಾಚಿ ಮಲಗಿತ್ತು. ಅಧಿಕಾರಿ ಅದನ್ನು ಬೂಟಿನಿಂದ ಅತ್ತ ಸರಿಸಿ, ಅವಳು ಕೊಟ್ಟ ಎರಡಿಂಚು ಅಲಗಿನ ಮಡಚುವ ಚಾಕುವನ್ನು ಸಿಡಿಮದ್ದಿನಂತೆ ಎರಡೇ ಬೆರಳಲ್ಲಿ ಎತ್ತಿಕೊಂಡ.

"ಸರ್, ಅದು ಕಸಿ ಮಾಡೋ ಚಾಕು. ಎರಡಿಂಚಾದ್ರೆ ಪರವಾಗಿಲ್ಲ ಅಂತ ಸಹಾಯವಾಣಿಯವರೇ ಟಿಕೆಟ್ ನಂಬರ್ ಕೇಳ್ಕೊಂಡು ಹೇಳಿದ್ರು."

"ಯಾವ ಕಡೆ ಸಹಾಯವಾಣಿ?"

"ನಾನು ಬಸ್ಸು ಹತ್ತಿದ ಕಡೇದು."

"ಅದೇ ಮತ್ತೆ! ಅಲ್ಲಿ ಉದ್ದ ನೋಡ್ತಾರೆ. ನಮ್ಮಲ್ಲಿ ಮಡಚುತ್ತೋ ಇಲ್ವೋ ಅಂತ ನೋಡ್ತೀವಿ. ಮಡಚಿದ್ರೆ ಗುಪ್ತ ಆಯುಧ."

"ಹಾಗಾದ್ರೆ ಬಿಚ್ಚಿ ಕೈಯಲ್ಲೇ ಹಿಡ್ಕೊಂಡು ಬರ್ತೀನಿ."

"ಬಿಚ್ಚಿ ಹಿಡ್ಕೊಂಡ್ರೆ ಅಲ್ಲಿ ಅಪರಾಧ. ಬಸ್ಸಿನ ಹಿಂದಿನ ಚಕ್ರ ಇನ್ನೂ ಅಲ್ಲೇ ಇದೆಯಲ್ಲ, ತಾಯಿ."

ಎರಡು ರಾಜ್ಯಗಳ ಶಾಸನಸಭೆಗಳು ವರ್ಷಗಟ್ಟಲೆ ಮೇಜು ಕುಟ್ಟಿ ಸಂಪಾದಿಸಿದ ವಿವೇಕವೆಲ್ಲ ಹೀಗೆ ಒಂದು ಸೀಟಿನ ಅಡಿಯಲ್ಲಿ ಬಂದು ಸಂಗಮಿಸಿತ್ತು.

ಅವಳು ಒದ್ದೆ ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ಹನ್ನೆರಡು ಹಸಿ ಕಡ್ಡಿಗಳು. ರಸ್ತೆ ಅಗಲ ಮಾಡುವವರು ಮೊನ್ನೆ ಉರುಳಿಸಿದ ಅಪ್ಪನ ಮಾವಿನ ಮರದಲ್ಲಿ ಉಳಿದದ್ದು ಇಷ್ಟೇ.

"ಬೆಳಗ್ಗೆ ತಂಗಿ ತೋಟದ ಸಸಿಗಳಿಗೆ ಇವನ್ನ ಕಟ್ಟಬೇಕು ಸರ್. ತಡ ಆದ್ರೆ ಒಣಗ್ತವೆ. ಅಡುಗೆಮನೆ ಚಾಕು ತೊಗಟೆ ಜಜ್ಜಿಬಿಡುತ್ತೆ, ಕಸಿ ಕೂಡಲ್ಲ."

"ಕಡ್ಡಿಗೆ ಯಾವ ಕಾನೂನೂ ಇಲ್ಲ, ಧಾರಾಳವಾಗಿ ಒಯ್ಯಿರಿ," ಎಂದು ಅಧಿಕಾರಿ ಔದಾರ್ಯ ತೋರಿದ. "ಚಾಕು ಬೇಕಾದ್ರೆ ಸೋಮವಾರ ಬಂದು ಅರ್ಜಿ ಹಾಕಿ."

ಅಂದು ಶುಕ್ರವಾರ.

ಮಾಂಸದಂಗಡಿಯವನು ಆಕಳಿಸುತ್ತಾ ಕಣ್ಣು ಬಿಟ್ಟ. "ಅಕ್ಕಾ, ಅಷ್ಟೊಂದು ಅರ್ಜೆಂಟಿದ್ರೆ ನನ್ನ ಮಚ್ಚು ತಗೊಳ್ಳಿ."

"ಅದನ್ನ ಬಿಟ್ಟು ನಂದನ್ಯಾಕೆ ಹಿಡಿದ್ರಿ ಸರ್?"

"ಅದರ ಬಗ್ಗೆ ನಮಗೆ ಮಾಹಿತಿ ಬಂದಿಲ್ಲ."

ಜಪ್ತಿ ಪುಸ್ತಕ ತೆರೆದರೆ ಪೆನ್ಸಿಲ್ ಮೊಂಡಾಗಿತ್ತು. ಅಧಿಕಾರಿ ಆ ಚಾಕುವಿನಿಂದಲೇ ಅದನ್ನು ಹೆರೆಯತೊಡಗಿದ. ಮೂರು ದಿನ ಕಲ್ಲಿನ ಮೇಲೆ ಮಸೆದ ಅಲಗು ಸೀಸಕ್ಕೆ ತಾಗಿ ಕಿರ್ರೆಂದಿತು. ಕಪ್ಪು ಪುಡಿ ಹಸಿರು ಕಡ್ಡಿಗಳ ಮೇಲೆ ಉದುರಿತು. ಅವಳು ಬಟ್ಟೆ ಮುಚ್ಚಿದಳು.

"ಮಾಹಿತಿ ಕೊಟ್ಟೋರು ಯಾರು ಸರ್? ನನ್ನ ಕಂಡ್ರೆ ಅಷ್ಟು ಹೊಟ್ಟೆಕಿಚ್ಚು ಯಾರಿಗೆ?"

"ಅದು ರಹಸ್ಯ," ಎಂದು ಅಧಿಕಾರಿ ಗತ್ತಿನಿಂದ ನುಡಿದ. ಆದರೆ ಸಹಿ ಹಾಕಿಸಿಕೊಳ್ಳಲು ಪುಸ್ತಕವನ್ನು ಅವಳತ್ತಲೇ ತಿರುಗಿಸಬೇಕಾಯಿತು. ಸಹಿಯ ಜಾಗದ ಮೇಲೇ ಇದ್ದ ಸಾಲನ್ನು ಅವಳು ಎರಡು ಸಲ ಓದಿಕೊಂಡಳು:

ಮಾಹಿತಿದಾರರು: ಚಾಕು ಒಯ್ಯಬಹುದೇ ಎಂದು ಸಹಾಯವಾಣಿಗೆ ಕರೆ ಮಾಡಿ ಕೇಳಿದ, ಹದಿನಾಲ್ಕನೇ ಸೀಟಿನ ಮಹಿಳೆ.