ಕೆಂಪು ಸೀಮೆಸುಣ್ಣ ಇದೆಯಾ?

ಅದೇ ಹುಡುಗಿ ಮತ್ತೆ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಇದು ಮೂರನೇ ಸಲ.

“ಅ... ಅಬ್ಲಾ, ಕೆ... ಕೆ... ಕೆಂಪು ಸೀಮೆಸುಣ್ಣ ಇದೆಯಾ?”

ಅಬ್ಲಾ, ಅಂದರೆ ಟೀಚರ್, ಪಾಠ ನಿಲ್ಲಿಸಿ, ಅವಳು ಮುಗಿಸುವ ತನಕ ಕಾದು, “ಇಲ್ವಲ್ಲ ಕಂದಾ. ಪಕ್ಕದ ಕ್ಲಾಸಲ್ಲಿ ಕೇಳು” ಎಂದರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ವಜ್ದಿಯ ಕಿವಿ ಕೆಂಪಾಯಿತು. ಪಕ್ಕದ ಕ್ಲಾಸಿನಿಂದಲೇ ಅವನು ಬಂದದ್ದು. ಅಲ್ಲಿಯೂ ಇದೇ ಪ್ರಶ್ನೆ, ಇದೇ ಉತ್ತರ. ಮಕ್ಕಳು ಆಟಕ್ಕೆ ಹೋದ ಮೇಲೆ ಅವನು ಮೇಜಿನ ಖಾನೆ ಎಳೆದ. ಒಳಗೆ ಕೆಂಪು ಸೀಮೆಸುಣ್ಣದ ರಾಶಿಯೇ ಇತ್ತು. ಒಂದನ್ನು ಜೇಬಿಗೆ ಹಾಕಿಕೊಂಡ.

ತೊದಲುವ ಮಗುವನ್ನು ಬಾಗಿಲಿಂದ ಬಾಗಿಲಿಗೆ ಓಡಿಸಿ ಮಜಾ ನೋಡುತ್ತಿದ್ದಾರೆ! ಇಂಥ ಮಜಾ ಅವನಿಗೆ ಚೆನ್ನಾಗಿ ಗೊತ್ತಿತ್ತು.

ರಶೀದ್ ಎಂಬ ಆ ಊರಿನ ಶಾಲೆಗಳಿಗೆಲ್ಲ ವಜ್ದಿಯೆಂದರೆ ನಡುಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಂಬಿದ ಆಸಾಮಿ. ಸಲಾಮಿಗೆ ತಲೆಯಾಡಿಸುತ್ತಾನೆ, ಉಳಿದದ್ದನ್ನು ಬರೆಯುತ್ತಾನೆ. ಇವತ್ತು ಅವನ ಚೀಲದಲ್ಲಿ ಒಂದು ಕಾಗದವಿತ್ತು: ಮೂರನೇ ತರಗತಿಯ ಬುಸೈನಾಗೆ ಮಾತು ಬಾರದು, ದಮನ್‌ಹೂರಿನ ಮೂಗರ ಶಾಲೆಗೆ ಕಳಿಸಬಹುದು. ಅವನ ಸಹಿಯೊಂದು ಬಾಕಿ.

ದೊಡ್ಡ ಟೀಚರ್ ಇನ್ಸಾಫ್ ತಮ್ಮ ಕೋಣೆಯಲ್ಲಿ ಅವನಿಗೆ ಪುದೀನ ಚಹಾ ತಂದಿಟ್ಟರು. ಅವನು ಮುಟ್ಟಲಿಲ್ಲ. ಚೀಟಿಯೊಂದನ್ನು ಅವರತ್ತ ತಳ್ಳಿದ: ‘ಸೀಮೆಸುಣ್ಣ ಇಟ್ಟುಕೊಂಡೇ ಸುಳ್ಳು ಹೇಳುತ್ತೀರಿ. ಆ ಮಗು ನಿಮಗೆ ಗೇಲಿಯೇ? ಹೆಸರೇನು ಅವಳದು?’

“ಬಾಯಲ್ಲಿ ಕೇಳಿದ್ರೆ ಏನು ಸವೆದುಹೋಗುತ್ತೆ ಉಸ್ತಾದ್?” ಇನ್ಸಾಫ್‌ಗೂ ಸಿಟ್ಟು ಬಂತು. “ಅವಳೇ ಬುಸೈನಾ.”

ವಜ್ದಿ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಪೆನ್ನಿನ ಮುಚ್ಚಳ ಬಿಚ್ಚಿದ.

ಇನ್ಸಾಫ್ ಓದಿದರು. ಅವರ ದನಿ ಇಳಿಯಿತು. “ಇದು ಹಳೇ ಕಥೆ ಉಸ್ತಾದ್. ರಂಜಾನ್ ಹಬ್ಬದ ತನಕ ಇವಳು ತುಟಿ ಬಿಚ್ಚಿರಲಿಲ್ಲ, ನಿಜ. ಮನೇಲಿ ಅಣ್ಣಂದಿರು ಇವಳ ಮಾತನ್ನ ತಾವೇ ಮುಗಿಸಿಬಿಡ್ತಾರೆ. ಅದಕ್ಕೇ ನಾವು ಎಂಟೂ ಜನ ಟೀಚರುಗಳು ಸೇರಿ ಒಂದು ಉಪಾಯ ಮಾಡಿದ್ವಿ. ಇದೆ ಅಂದ್ರೆ ಅವಳ ಮಾತು ಅಲ್ಲಿಗೇ ನಿಂತುಹೋಗುತ್ತೆ. ಇಲ್ಲ ಅಂದ್ರೆ ಇನ್ನೊಂದು ಬಾಗಿಲು ಸಿಗುತ್ತೆ. ಮೊದಮೊದಲು ದಿನಕ್ಕೆ ಒಂದು ಬಾಗಿಲು, ಈಗ ಎಂಟು. ಅವಳನ್ನ ಕಳಿಸಬೇಡಿ.”

ವಜ್ದಿಯ ಪೆನ್ನು ಕಾಗದದ ಮೇಲೆಯೇ ಇತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಬುಸೈನಾ. “ಅಬ್ಲಾ, ಕೆ... ಕೆಂಪು ಸೀಮೆಸುಣ್ಣ ಇದೆಯಾ?”

“ನನ್ನ ಹತ್ರ ಇಲ್ಲ ಕಂದಾ.” ಇನ್ಸಾಫ್ ವಜ್ದಿಯತ್ತ ಕೈ ತೋರಿಸಿದರು. “ಈ ಉಸ್ತಾದರನ್ನ ಕೇಳು.”

ಹುಡುಗಿ ಅವನ ಮುಂದೆ ಬಂದು ನಿಂತು ಕೇಳಿದಳು. ಮೂರು ಸಲ ಎಡವಿದಳು, ಆದರೂ ಮುಗಿಸಿದಳು.

ವಜ್ದಿಯ ಮುಖ ಕೆಂಪೇರಿತು. ಕುತ್ತಿಗೆಯ ನರ ಉಬ್ಬಿತು. ಗದರಿಯೇ ಬಿಡುತ್ತಾನೆ ಎಂದು ಇನ್ಸಾಫ್ ಕಣ್ಣು ಮುಚ್ಚಿದರು. ಗದರಲಿಲ್ಲ. ತುಟಿ ಅಲುಗಿತು, ಸದ್ದು ಬರಲಿಲ್ಲ.

ಬುಸೈನಾ ಅವನ ಬಾಯನ್ನೇ ನೋಡುತ್ತ ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು: “ನಿ... ನಿಧಾನವಾಗಿ ಹೇಳಿ ಉಸ್ತಾದ್. ನಂಗೇನೂ ಅ... ಅವಸರ ಇಲ್ಲ.”

ವಜ್ದಿ ಒಂದು ಕೈಯಲ್ಲಿ ಕಾಗದವನ್ನು ಮುದುಡಿದ, ಇನ್ನೊಂದರಲ್ಲಿ ಜೇಬಿನ ಸೀಮೆಸುಣ್ಣವನ್ನು ಬಿಗಿಯಾಗಿ ಹಿಡಿದ.

“ಇ... ಇ... ಇ... ಇಲ್ಲ ಮಗಳೇ. ಪ... ಪ... ಪಕ್ಕದ ಕ್ಲಾಸಲ್ಲಿ ಕೇಳು.”