ಗಾಣದಂಗಡಿಗೆ ಬಂದ ಗೊಗ್ಗರು ದನಿ

ಆ ಸೀಮೆಯಲ್ಲಿ ಕಣ್ಣಾರೆ ಕಂಡದ್ದನ್ನು ಜನ ತಮ್ಮ ದನಿಯಲ್ಲೇ ಹೇಳುತ್ತಿದ್ದರು. ಬರೀ ಕೇಳಿದ ಮಾತಾದರೆ, ಅದನ್ನು ಮೊದಲು ಆಡಿದವರ ದನಿಯೇ ಬಾಯಿಂದ ಹೊರಡುತ್ತಿತ್ತು. ಗುಡಿಯಲ್ಲಿ ಯಾರು ಕಾವ್ಯ ಓದಿದರೂ ಎಂದೋ ತೀರಿಕೊಂಡ ಕವಿಯದೇ ಕಂಠ. ಚಂಪಕ್ಕ ಅದನ್ನು ಕೈಮುಗಿದು ಕೇಳುತ್ತಲೇ ಬೆಳೆದವಳು.

ಈ ವಾರ ಹಾಲಿನ ನಿಂಗವ್ವ, ದರ್ಜಿ ವಾಮನಪ್ಪ, ಕೊನೆಗೆ ಚಂಪಕ್ಕನ ಯಜಮಾನರೂ ಒಂದೇ ಗೊಗ್ಗರು ದನಿಯಲ್ಲಿ ಅಂದರು: "ಆ ಯಹೂದಿಗಳು ಶನಿವಾರ ಬಾಗಿಲು ಹಾಕ್ಕೊಂಡು ಎಣ್ಣೆಗೆ ವಿಷ ಬೆರೆಸ್ತಾರೆ."

ಯಾರದಪ್ಪಾ ಈ ದನಿ? ಊರಿನವರದಂತೂ ಅಲ್ಲ. ಕುತೂಹಲ ತಡೆಯಲಾರದೆ ಚಂಪಕ್ಕ ತಂಬಿಗೆ ಹಿಡಿದು, ಶನಿವಾರ ದೇವರ ದಿನವೆಂದು ಕೆಲಸ ಮುಟ್ಟದ ಆ ಯಹೂದಿಗಳ ಗಾಣದಂಗಡಿಗೆ ಹೋದಳು. ಒಬ್ಬ ಗಿರಾಕಿಯೂ ಇರಲಿಲ್ಲ. ಒಡತಿ ರಿಬ್ಕಾಬಾಯಿ ಊರು ಬಿಡಲು ಗಂಟು ಕಟ್ಟುತ್ತಿದ್ದಳು.

"ನಮ್ಮ ಬಗ್ಗೆ ಏನಂತಾರೆ? ನೀವಾದ್ರೂ ಹೇಳಿ ಚಂಪಕ್ಕಾ."

ಹೇಳಹೊರಟ ಚಂಪಕ್ಕನ ಗಂಟಲಿಂದಲೂ ಅದೇ ದನಿ ಬಂತು. ನಾಚಿಕೆಯಿಂದ ಬಾಯಿಗೆ ಸೆರಗು ಒತ್ತಿಕೊಂಡಳು.

"ಓ, ಇದಾ!" ಎಂದಳು ರಿಬ್ಕಾಬಾಯಿ. "ಹಳೇ ಪರಿಚಯ. ನಮ್ಮಜ್ಜಿ ಸಮುದ್ರದಾಚೆಯ ಊರು ಬಿಟ್ಟು ಓಡಿಬಂದ ಕತೆ ಹೇಳೋವಾಗ, ಅಲ್ಲಿನ ಜನ ಆಡಿದ ಮಾತು ಇದೇ ದನೀಲಿ ಬರ್ತಿತ್ತು. ಆಗ ಬಾವಿಗೆ ವಿಷ ಅಂದಿತ್ತು, ಈಗ ಎಣ್ಣೆಗೆ ಅಂತಿದೆ. ಮೊದಲು ಆಡಿದವನು ಸತ್ತು ಎಷ್ಟು ಕಾಲವಾಯ್ತೋ."

ಚಂಪಕ್ಕ ತಂಬಿಗೆ ತುಂಬಿಸಿಕೊಂಡು ಹೊರಗೆ ಬಂದಳು. ಮೆಟ್ಟಿಲ ಮೇಲೆಯೇ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಮದುವೆಯಾಗಿ ಬಂದಾಗಿಂದ ಇವರ ಎಣ್ಣೇಲೇ ಒಗ್ಗರಣೆ ಹಾಕ್ತಿದೀನಿ. ಉಂಡವರೆಲ್ಲ ಗುಂಡುಕಲ್ಲಿನ ಹಾಗಿದಾರೆ. ಶನಿವಾರ ಎಣ್ಣೇನೇ ಕೊಳ್ಳದವರು ನಾವು. ಅವತ್ತು ಇವರ ಬಾಗಿಲು ಮುಚ್ಚಿದ್ರೆ ಯಾರಿಗೇನು ಕಷ್ಟ?"

ಎದುರಿನ ಜಗಲಿಯಲ್ಲಿ ವಾಮನಪ್ಪನ ಹೊಲಿಗೆ ಯಂತ್ರ ನಿಂತಿತು. ಆ ಬೀದಿಯಲ್ಲಿ ಅಷ್ಟು ದಿನದ ಮೇಲೆ ಅವನು ಕೇಳಿದ್ದು ಗೊಗ್ಗರು ದನಿಯನ್ನಲ್ಲ, ಚಂಪಕ್ಕನದೇ ದನಿಯನ್ನು.