ನಲವತ್ತೈದು ನಿಮಿಷದ ಪತ್ರ

‘ಇನ್ನು ಹನ್ನೊಂದು ನಿಮಿಷ,’ ಎಂದಳು ಅತ್ತಿಗೆ. ಅವಳ ಕುರ್ಚಿ ಬಾಗಿಲಿಗೆ ಅಡ್ಡವಾಗಿತ್ತು, ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

ತಂಗಿಯ ಪೆನ್ನು ಮೂರನೆಯ ಸಾಲಿನಲ್ಲೇ ನಿಂತಿತ್ತು. ಎದುರಿನ ಹಾಳೆಯಲ್ಲಿ ಒಬ್ಬ ಮುದುಕ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆಗೆ ಆಪರೇಷನ್ ಮಾಡಿಸಿಕೊಂಡು, ನಾಳೆ ಮನೆಗೆ ಹೊರಡಲಿದ್ದ. ಮನೆಗೆ ಬಂದು ಅವನನ್ನು ನೋಡಿಕೊಳ್ಳುವ ನರ್ಸಿಗೆ ಇವಳು ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ಇನ್ನೂರು ಪದ, ನಲವತ್ತೈದು ನಿಮಿಷ. ಆ ಮುದುಕನೂ ಸುಳ್ಳು, ಆ ನರ್ಸೂ ಸುಳ್ಳು. ಹದಿನೆಂಟು ದಿನಕ್ಕೆ ಬರಲಿದ್ದ ಪರೀಕ್ಷೆಯೊಂದೇ ನಿಜ.

ಆ ಪರೀಕ್ಷೆ ಬೇಕಿದ್ದದ್ದು ಅವಳಿಗಲ್ಲ, ಅಣ್ಣನಿಗೆ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ತಂಗಿ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ ಹೊರದೇಶಕ್ಕೆ ಹೋಗಬೇಕು, ವರ್ಷದೊಳಗೆ ತಮ್ಮಿಬ್ಬರನ್ನೂ ಕರೆಸಿಕೊಳ್ಳಬೇಕು. ಅವನು ಆಗಲೇ ಮೂವರಿಗೂ ಪಾಸ್‌ಪೋರ್ಟ್ ಮಾಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಎರಡು ಸಲ ಅವಳು ಪತ್ರದಲ್ಲೇ ಫೇಲಾದಳು. ಮೂರನೆಯ ಸಲ ಅವನು ತೆಗೆದುಕೊಟ್ಟಿದ್ದ ಪಾಸ್‌ಪೋರ್ಟನ್ನು ಮನೆಯಲ್ಲೇ ಮರೆತು ಗೇಟಿನಿಂದ ವಾಪಸು ಬಂದಳು. ಅದು ಮರೆವಲ್ಲ ಎಂದು ಅಣ್ಣನಿಗೆ ಗೊತ್ತಾಗಲು ಬಹಳ ಹೊತ್ತು ಹಿಡಿಯಲಿಲ್ಲ.

ಆಸ್ಪತ್ರೆಗೆ ರಜೆ ಹಾಕಿಸಿದ. ಫೋನ್ ಕಿತ್ತುಕೊಂಡ. ಬೆಳಿಗ್ಗೆ ಎರಡು ಪತ್ರ, ಮಧ್ಯಾಹ್ನ ಎರಡು ಎಂದು ಗೊತ್ತು ಮಾಡಿದ. ಕೆಲಸಕ್ಕೆ ಹೊರಡುತ್ತ ಹೆಂಡತಿಗೆ ಹೇಳಿದ: ‘ಪತ್ರ ಮುಗಿಯೋವರೆಗೂ ಇವಳು ರೂಮಿಂದ ಆಚೆ ಬರಬಾರದು. ನೀನೂ ಅಲ್ಲಾಡಬೇಡ.’

‘ನಾನೆಲ್ಲಿಗೆ ಹೋಗ್ಲಿ,’ ಎಂದಳು ಅತ್ತಿಗೆ.

ನಿಜವೇ. ಎಂಟು ವರ್ಷದ ಹಿಂದೆ ಮದುವೆಯಾದ ತಿಂಗಳೇ ಅಣ್ಣ ಅವಳ ಕೆಲಸ ಬಿಡಿಸಿದ್ದ. ಆಮೇಲೆ ಬೀದಿ ತಿರುವಿನ ಅಂಗಡಿಗೂ ಕೇಳಿಯೇ ಹೋಗುತ್ತಿದ್ದಳು. ಮಾತೆಂದರೆ ಹೂಂ, ಊಹೂಂ. ಹೀಗಿದ್ದವಳು ಕಾವಲಿಗೆ ಕೂತದ್ದೇ ತಡ, ಗಟ್ಟಿ ಆಸಾಮಿಯಾಗಿಬಿಟ್ಟಳು. ಒಂದು ನಿಮಿಷ ಹೆಚ್ಚು ಕೊಡಳು, ಒಂದು ಪತ್ರ ಬಿಡಳು.

‘ಟೈಮ್ ಆಯ್ತು. ಕೊಡಿಲ್ಲಿ.’ ಹಾಳೆಯ ಮೇಲೆ ಕಣ್ಣಾಡಿಸಿದಳು. ‘ಈ ಮುದುಕ ಗಡಿಯಾರ ರಿಪೇರಿ ಮಾಡ್ತಿದ್ದ ಅಂತ ಯಾಕೆ ಬರ್ದೆ?’

‘ಪ್ರಶ್ನೇಲಿ ಕೊಟ್ಟಿದ್ದಾರಲ್ಲ.’

‘ಕೊಟ್ಟಿದ್ದೆಲ್ಲ ಬರಿಯೋದಲ್ಲ. ಓದೋಳಿಗೆ ಬೇಕಾದ್ದು ಗಾಯ ಯಾವಾಗ ತೊಳಿಬೇಕು, ಮನೇಲಿ ಜೊತೆಗೆ ಯಾರಿದ್ದಾರೆ, ಅಷ್ಟೆ. ಮತ್ತೆ ಬರಿ.’

ಕೋಚಿಂಗ್ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಅಣ್ಣ ಇವಳಿಗೆ ಬಾಯಿಪಾಠ ಮಾಡಿಸಿದ್ದಾನೆ ಎಂದುಕೊಂಡಳು ತಂಗಿ.

ನಾಲ್ಕನೆಯ ದಿನ ತಂಗಿಗೆ ಜ್ವರ ಬಂತು. ಅತ್ತಿಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡಿದಳು. ‘ಅಂಥದ್ದೇನಿಲ್ಲ. ಇವತ್ತು ಎರಡೇ ಸಾಕು.’ ಅತ್ತಿಗೆಯ ಬಲಗೈಯಲ್ಲಿ ಎಂದಿನ ಚಿನ್ನದ ಬಳೆ ಇರಲಿಲ್ಲ. ಕೇಳಿದರೆ, ರಿಪೇರಿಗೆ ಕೊಟ್ಟಿದ್ದೇನೆ ಎಂದಳು.

ಮರುದಿನ ನೀರಿಗೆಂದು ಎದ್ದ ತಂಗಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಒಲೆಯ ಪಕ್ಕ ಅತ್ತಿಗೆ ಬಗ್ಗಿ ಕೂತು ಏನೋ ಬರೆಯುತ್ತಿದ್ದಳು, ಅವಸರವಸರವಾಗಿ. ಹೆಜ್ಜೆ ಸದ್ದಿಗೆ ಹಾಳೆಗಳು ಡಬ್ಬಿಯ ಹಿಂದೆ ಸರಿದವು.

ತಂಗಿಗೆ ಮೈಯೆಲ್ಲ ಉರಿಯಿತು. ನಿನ್ನೆ ಕಿಟಕಿಯ ಬಳಿ ಎಷ್ಟು ಹೊತ್ತು ನಿಂತಿದ್ದಳು, ಯಾವ ಪತ್ರಕ್ಕೆ ಅತ್ತಳು, ಎಲ್ಲ ಸಂಜೆಗೆ ಅಣ್ಣನ ಕೈ ಸೇರುತ್ತದೆ.

‘ನನ್ನ ಮೇಲೆ ಚಾಡಿ ಬರಿತಿದ್ದೀರಾ ಅತ್ತಿಗೆ?’

‘ನಿನ್ನ ಬಗ್ಗೆ ಒಂದಕ್ಷರ ಬರ್ದಿಲ್ಲ.’

‘ನಾನು ನಂಬಲ್ಲ.’

‘ನಂಬಬೇಡ. ಹೋಗಿ ಬರಿ.’

ಅಲ್ಲಿಂದಾಚೆಗೆ ಅವರಿಬ್ಬರ ನಡುವೆ ಗಡಿಯಾರದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ತಂಗಿ ಬರೆದಳು. ಸಕ್ಕರೆ ಕಾಯಿಲೆಯವರು, ಬಾಣಂತಿಯರು, ಸುಟ್ಟ ಗಾಯದವರು, ಎಲ್ಲರೂ ಗುಣವಾಗಿ ಮನೆಗೆ ಹೊರಟರು. ಅವಳು ಮಾತ್ರ ಆ ಕೋಣೆಯಲ್ಲೇ ಉಳಿದಳು. ಪಾಸಾದರೆ ಗೊತ್ತಿಲ್ಲದ ದೇಶ, ಹಿಂದೆಯೇ ಬರುವ ಅಣ್ಣ. ಫೇಲಾದರೆ ಇದೇ ಗೋಡೆ, ಇದೇ ಕುರ್ಚಿ. ರಾಜೀನಾಮೆ ಕೊಟ್ಟು ಹೊರಬರುವುದಕ್ಕೆ ಇದು ಕೆಲಸವೂ ಅಲ್ಲ.

ಪರೀಕ್ಷೆಯ ಬೆಳಿಗ್ಗೆ ಅಣ್ಣ ಬೀರು ತೆಗೆದು ಪಾಸ್‌ಪೋರ್ಟುಗಳಿದ್ದ ಚೀಲವನ್ನೇ ಹೆಂಡತಿಯ ಕೈಗಿಟ್ಟ. ‘ನಿನ್ನ ಹತ್ರ ಇರ್ಲಿ. ಇವಳನ್ನ ನಂಬೋ ಹಾಗಿಲ್ಲ. ಒಳಗೆ ಕೂರೋವರೆಗೂ ಜೊತೇಲಿರು.’

ಪರೀಕ್ಷಾ ಕೇಂದ್ರದ ಗೇಟಿನ ಆಚೆ ಅವನು ಕೈಕಟ್ಟಿ ನಿಂತ. ಅತ್ತಿಗೆ ಕಾವಲುಗಾರನಿಗೆ ಏನೋ ಹೇಳಿ ಒಂದು ಕಾಗದ ತೋರಿಸಿದಳು. ಅವನು ಇಬ್ಬರನ್ನೂ ಒಳಗೆ ಬಿಟ್ಟ. ಮೆಟ್ಟಿಲು ಹತ್ತುತ್ತ ತಂಗಿ ಅರ್ಧದಲ್ಲೇ ನಿಂತಳು. ಅತ್ತಿಗೆ ಅವಳ ತೋಳು ಹಿಡಿದಳು. ಆ ಕೈ ತಣ್ಣಗಿತ್ತು.

‘ಇವತ್ತು ನಿನಗೆ ತೋಚಿದ ಹಾಗೆ ಬರಿ. ಆಗ್ಲಿಲ್ಲ ಅಂದ್ರೆ ಬಿಡು.’

‘ಅಣ್ಣ ಕೊಂದುಹಾಕ್ತಾನೆ.’

‘ಮನೇಲಿ ಯಾರಾದ್ರೂ ಒಬ್ರು ಪಾಸಾಗಬೇಕು, ಅಷ್ಟೆ ತಾನೆ ಅವರಿಗೆ,’ ಎಂದು ಅತ್ತಿಗೆ ಸಣ್ಣಗೆ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ತಂಗಿ ನೋಡಿರಲಿಲ್ಲ.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಅತ್ತಿಗೆ ಅವಳ ಪಾಸ್‌ಪೋರ್ಟ್ ತೆಗೆದುಕೊಟ್ಟಳು. ಮೇಲ್ವಿಚಾರಕಿ ಮುಖ ನೋಡಿ, ಫೋಟೊ ನೋಡಿ, ಪಟ್ಟಿಯಲ್ಲಿ ಗೀಟು ಹಾಕಿ, ಹದಿನಾರನೆಯ ಮೇಜು ತೋರಿಸಿದಳು. ತಂಗಿ ಹೋಗಿ ಕೂತಳು. ಇಷ್ಟು ದಿನದಲ್ಲಿ ಅತ್ತಿಗೆಯ ಕಣ್ಣಿಲ್ಲದ ಜಾಗದಲ್ಲಿ ಒಂದು ಪತ್ರ ಬರೆಯುವುದು ಇದೇ ಮೊದಲು ಎನಿಸಿ, ದೀರ್ಘವಾಗಿ ಉಸಿರು ಬಿಟ್ಟಳು.

‘ಹದಿನೇಳು,’ ಎಂದು ಕರೆದಳು ಮೇಲ್ವಿಚಾರಕಿ. ‘ವೃತ್ತಿ?’

‘ನರ್ಸ್,’ ಎಂದಳು ಅತ್ತಿಗೆ, ಚೀಲದಿಂದ ತನ್ನ ಪಾಸ್‌ಪೋರ್ಟ್ ತೆಗೆದು ಮುಂದಿಡುತ್ತ.